ಬುದ್ಧಿಗೆ ಐವತ್ತು, ಸ್ವಾತಂತ್ರ್ಯಕ್ಕೆ ಐವತ್ತು

ಮೂರನೇ ಊರಿನಲ್ಲಿ, ಮೂರನೇ ಮಹಡಿಯ ಖಾಲಿ ಮನೆಯ ಮುಂದೆ, ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ ಅಕ್ಕ ತುತ್ತೂರಿಯನ್ನು ತುಟಿಗಿಟ್ಟು ಪೋಂ ಅಂತ ಊದಿಯೇಬಿಟ್ಟಳು. ತಮ್ಮ ನಾಲ್ಕು ಮೆಟ್ಟಿಲು ಕೆಳಗಿಳಿದು, ಈಕೆ ಯಾರೋ ನಾನು ಯಾರೋ ಎನ್ನುವ ಹಾಗೆ ಗೋಡೆಗೆ ಮುಖ ಮಾಡಿ ನಿಂತ. ಅರವತ್ತು ದಾಟಿದ ಗಂಡಸು! ಮೂವತ್ತನಾಲ್ಕು ವರ್ಷ ಅಂಚೆ ಕಚೇರಿಯಲ್ಲಿ ಕೂತು, ಯಾರು ಏನೇ ಕೇಳಿದರೂ ಪಕ್ಕದ ಕೌಂಟರ್ ತೋರಿಸಿ ನಿವೃತ್ತನಾದವನು. ಈಗ ತೋರಿಸೋಣವೆಂದರೆ ಪಕ್ಕದಲ್ಲಿ ಗೋಡೆ ಬಿಟ್ಟರೆ ಇನ್ನೇನೂ ಇರಲಿಲ್ಲ.

ಅಕ್ಕನೇನು ಕಡಿಮೆಯವಳೇ? ಹೈಸ್ಕೂಲಿನಲ್ಲಿ ಗಣಿತ ಕಲಿಸಿ ಮುಗಿಸಿ, ಅರವತ್ಮೂರನೇ ವಯಸ್ಸಿನಲ್ಲಿ ತುತ್ತೂರಿ ಹಿಡಿದವಳು. ಇಬ್ಬರೂ ಇದ್ದ ಬಾಡಿಗೆ ಮನೆಯ ಮಾಲೀಕ, ತಿಂಗಳ ಕೊನೆಯೊಳಗೆ ತುತ್ತೂರಿ ಬಿಡಿ, ಇಲ್ಲ ಮನೆ ಬಿಡಿ ಎಂದಿದ್ದ. “ತುತ್ತೂರಿ ಬಿಟ್ಬಿಡಕ್ಕ” ಎಂದು ತಮ್ಮ ಗೋಗರೆದ. “ಮನೆ ಏನು ಮಹಾ, ಊರೇ ಬಿಡ್ತೀನಿ. ಬರೋದಾದ್ರೆ ಬಾ, ಇಲ್ಲ ಇಲ್ಲೇ ಬಿದ್ದಿರು” ಎಂದಳು ಅಕ್ಕ. ಬೇರೆಯವರು ನೀರು ನೋಡಿ, ಆಸ್ಪತ್ರೆ ನೋಡಿ ಊರು ಆರಿಸಿದರೆ, ಈಕೆ ನೋಟ್‌ಬುಕ್ಕಿನಲ್ಲಿ ಗೀಟೆಳೆದು ಊರಿನ ಜನರ ಬುದ್ಧಿಗೆ ಐವತ್ತು ಅಂಕ, ಅಲ್ಲಿ ಸಿಗುವ ಸ್ವಾತಂತ್ರ್ಯಕ್ಕೆ ಐವತ್ತು ಎಂದು ಬರೆದುಕೊಂಡಳು. ಒಂದು ಸಲ ಊದುವುದು, ಜನ ಏನು ಮಾಡುತ್ತಾರೋ ನೋಡುವುದು. ಅಷ್ಟೇ ಪರೀಕ್ಷೆ. ಹೆಂಡತಿ ತೀರಿಕೊಂಡ ಮೇಲೆ ತಮ್ಮನಿಗೆ ಇದ್ದವಳು ಇವಳೊಬ್ಬಳೇ. ಇವಳಿಲ್ಲದ ಮನೆ ನೆನೆದರೆ ಭಯ, ಇವಳ ಹಿಂದೆ ಹೋಗುವುದನ್ನು ನೆನೆದರೆ ನಾಚಿಕೆ. ಕಡೆಗೆ ನಾಚಿಕೊಂಡೇ ಹೊರಟ.

ಮೊದಲನೇ ಊರಿನಲ್ಲಿ ಹನ್ನೊಂದು ಬಾಗಿಲು ತೆರೆದವು. “ಯಾರು ಹೋದ್ರು?” ಎಂದು ಒಬ್ಬಾಕೆ ಅಳುವುದಕ್ಕೇ ಶುರು ಮಾಡಿದಳು. ಯಾರೂ ಹೋಗಿಲ್ಲ ಎಂದು ತಿಳಿದ ಮೇಲೆ ಎಲ್ಲರಿಗೂ ಬೇಸರವಾಗಿ, “ಈ ವಯಸ್ಸಲ್ಲಿ ಬೇಕಾ ನಿಮಗೆ?” ಎಂದು ಬಾಯಿಗೆ ಬಂದಂತೆ ಬೈದರು. ಎರಡನೇ ಊರಿನಲ್ಲಿ ಒಂದೇ ಒಂದು ಬಾಗಿಲೂ ಅಲ್ಲಾಡಲಿಲ್ಲ. ತಮ್ಮನಿಗೆ ಸ್ವರ್ಗಕ್ಕೆ ಮೂರೇ ಗೇಣು! ಅಕ್ಕ ಮಾತ್ರ ಮೊದಲ ಊರಿನ ಹಾಗೆ ಇದಕ್ಕೂ ಸೊನ್ನೆ ಸುತ್ತಿದಳು. “ಬೆಂಕಿ ಬಿದ್ದಿದೆ ಅಂತ ಊದಿದ್ರೂ ಇವರು ಹೀಗೇ ಚಿಲಕ ಹಾಕ್ಕೊಂಡಿರ್ತಾರೆ ಕಣೋ. ಏಳು, ಹೋಗೋಣ.”

ಈ ಮೂರನೇ ಊರಿನಲ್ಲಿ ಒಂದು ಬಾಗಿಲು ತೆರೆಯಿತು. ಎದುರುಮನೆಯ ಹೆಂಗಸು, ಕೆದರಿದ ಕೂದಲು, ಮೊಣಕೈವರೆಗೂ ಒಣಗಿದ ಮೈದಾ ಹಿಟ್ಟು. ರಾತ್ರಿಪಾಳಿಯ ಬೇಕರಿಯಾಕೆ. ಕಣ್ಣು ಪೂರ್ತಿ ಬಿಡದೆಯೇ ಕೇಳಿದಳು: “ಯಾಕೆ ಊದಿದ್ರಿ?”

“ಈ ಊರಲ್ಲಿ ಇರಬಹುದಾ ಅಂತ ನೋಡೋಕೆ.”

“ದಿನಾ ಊದ್ತೀರಾ?”

“ದಿನಾ ಒಂದು ಗಂಟೆ.”

ಬೇಕರಿಯಾಕೆ ಆಕಳಿಸಿ, ತಲೆ ಕೆರೆದುಕೊಂಡು, ಯೋಚಿಸಿದಳು. ಹೌದು ಸ್ವಾಮಿ, ನಿಂತು ಯೋಚಿಸಿದಳು! “ನಾನು ಮಧ್ಯಾಹ್ನ ಎರಡರವರೆಗೂ ಮಲಗ್ತೀನಿ. ಎರಡರ ಮೇಲೆ ಊದಿ, ನಂದೇನೂ ಅಡ್ಡಿ ಇಲ್ಲ. ಆಮೇಲೆ, ಕೆನ್ನೆಯಿಂದ ಊದ್ತಾ ಇದೀರಿ. ಹೊಟ್ಟೆಯಿಂದ ಊದಿ.”

ಅಕ್ಕ ಕಾದಳು. ಇನ್ನೇನು ಬರುತ್ತದೆ, ಇನ್ನೇನು ಬರುತ್ತದೆ ಎಂದು ಕಾದಳು. ಬರಲೇ ಇಲ್ಲ. “ಮತ್ತೇನೂ ಕೇಳಲ್ವಾ? ನನ್ನ ವಯಸ್ಸು, ಗಂಡ, ಮಕ್ಕಳು?”

“ಯಾಕೆ, ಅವರೂ ಊದ್ತಾರಾ?”

ಅಕ್ಕ ಬಿದ್ದು ಬಿದ್ದು ನಕ್ಕಳು. ಬೇಕರಿಯಾಕೆ ಬಾಗಿಲು ಹಾಕುವ ಮುಂಚೆ ಕೆಳಗೆ ಬಗ್ಗಿ ನೋಡಿದಳು. “ಗೋಡೆ ಕಡೆ ನಿಂತಿರೋರು ನಿಮ್ಮೋರಾ? ನಿಮ್ಮದೇನು ಸರ್, ನೀವೇನು ಮಾಡ್ತೀರಿ?”

“ನಂದಾ? ನಂದೇನೂ ಇಲ್ಲಮ್ಮ.”

“ಏನೂ ಇಲ್ವಾ?” ಆಕೆಗೆ ನಿಜಕ್ಕೂ ಕೆಡುಕೆನಿಸಿತು. “ಅಯ್ಯೋ ಪಾಪ” ಎಂದು ಹೇಳಿ ಮೆಲ್ಲಗೆ ಬಾಗಿಲು ಹಾಕಿಕೊಂಡಳು.

ಅಂಗಳದ ಕಲ್ಲುಬೆಂಚಿನ ಮೇಲೆ ಕೂತು ಅಕ್ಕ ನೂರಕ್ಕೆ ತೊಂಬತ್ತೆಂಟು ಕೊಟ್ಟಳು. ಎರಡು ಅಂಕ ಕಳೆದದ್ದು ಕೆನ್ನೆಯ ವಿಷಯ ಎತ್ತಿದ್ದಕ್ಕೆ. ತಮ್ಮ ಬೀದಿಯಂಗಡಿಯಿಂದ ತಂದ ಬನ್ನು ಕೈಯಲ್ಲಿ ಹಿಡಿದು ತಿನ್ನದೇ ಕೂತಿದ್ದ. ಆ ಪಾಪ ಎನ್ನುವ ಮಾತನ್ನೇ ಮನಸ್ಸಿನಲ್ಲಿ ತಿರುವಿ ಹಾಕುತ್ತಿದ್ದ.

“ನಂದೂ ಒಂದಿತ್ತು ಕಣಕ್ಕ” ಎಂದ ಕೊನೆಗೆ. “ಸಿಳ್ಳೆ. ಹತ್ತು ವರ್ಷದವನಿದ್ದಾಗ. ಮನೆಯೊಳಗೆ ಸಿಳ್ಳೆ ಹಾಕಿದ್ರೆ ಮನೆ ಹಾಳಾಗುತ್ತೆ ಅಂತ ಅಪ್ಪ ಕಪಾಳಕ್ಕೆ ಬಾರಿಸಿದ್ರಲ್ಲ, ಅವತ್ತೇ ನಿಂತುಹೋಯ್ತು.”

“ಐವತ್ತು ವರ್ಷ ಬಾಯಿ ಹೊಲ್ಕೊಂಡು ಕೂತಿದ್ಯಲ್ಲ, ಮನೆ ಉದ್ಧಾರ ಆಯ್ತೇನೋ?”

ತಮ್ಮ ಬನ್ನು ತಿಂದ. ಗಡಿಯಾರ ನೋಡಿದ. ಮತ್ತೆ ನೋಡಿದ. ಎರಡು ಹೊಡೆದು ಒಂದು ನಿಮಿಷಕ್ಕೆ ಎದ್ದು ಮೂರು ಮಹಡಿ ಹತ್ತಿದ. ಖಾಲಿ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಹೋಗಿ ನಡುಮನೆಯಲ್ಲಿ ನಿಂತ. ಎರಡು ಬೆರಳು ಬಾಯೊಳಗಿಟ್ಟು ಊದಿದರೆ ಬರೀ ಗಾಳಿ. ಇನ್ನೊಮ್ಮೆ ಊದಿದರೆ ಬರೀ ಉಗುಳು. ಮೂರನೇ ಸಲ, ಅಬ್ಬಬ್ಬಾ, ಎಂಥ ಸಿಳ್ಳೆ ಅದು! ಗೋಡೆಗೆ ಬಡಿದು, ಬಾಗಿಲು ದಾಟಿ, ಮೆಟ್ಟಿಲಿಳಿದು ಅಂಗಳದಲ್ಲಿದ್ದ ಅಕ್ಕನ ತನಕ ಹೋಯಿತು. ಆ ವಯಸ್ಸಿನಲ್ಲೂ ಅವನಿಗೆ ಒಂಟಿ ಕಾಲಲ್ಲಿ ಕುಣಿಯುವಷ್ಟು ಖುಷಿಯಾಯಿತು.

ಮೇಲಿನ ಮಹಡಿಯಲ್ಲಿ ಧಡಾರನೆ ಬಾಗಿಲು ತೆರೆಯಿತು. “ಯಾರ್ರೀ ಅದು ಸಿಳ್ಳೆ ಹಾಕಿದ್ದು?” ಎಂದು ಗಂಡುಧ್ವನಿಯೊಂದು ಗುಡುಗಿತು.

ತಮ್ಮನ ಕೈ ಅಭ್ಯಾಸಬಲದಿಂದ ಪಕ್ಕಕ್ಕೆ ತೋರಿಸಲು ಮೇಲೆದ್ದಿತು. ಅರ್ಧದಲ್ಲೇ ಅದನ್ನು ಎಳೆದುಕೊಂಡು, ಹೊರಗೆ ಓಡಿಬಂದು, ಮೆಟ್ಟಿಲ ಕಂಬಿ ಹಿಡಿದು ಕತ್ತು ಮೇಲೆತ್ತಿ ಕೂಗಿದ:

“ನಾನ್ರೀ! ಮುಂದಿನ ತಿಂಗಳಿಂದ ಇಲ್ಲೇ ಇರೋನು!”