ಸೇರಿಸಿದ ಮಳೆ

ಐದನೆಯ ಪುಟಕ್ಕೆ ಬರುವಷ್ಟರಲ್ಲಿ ಅರ್ಲೀನಳಿಗೆ ಖಾತ್ರಿಯಾಗಿಹೋಯಿತು: ಈ ಪತ್ತೇದಾರ ಬೇರೆ ಯಾರದೋ ಗಂಡನ ಬೆನ್ನು ಹತ್ತಿದ್ದಾನೆ. ವರದಿಯೊಳಗಿನ ಗಂಡಸು ಸುರಿವ ಮಳೆಯಲ್ಲಿ ಕೋಟಿನ ಕಾಲರ್ ಎತ್ತಿಕೊಂಡು, ತುಟಿಯಂಚಿಗೆ ಸಿಗರೇಟು ಸಿಕ್ಕಿಸಿಕೊಂಡು, ‘ಸಾವಿನ ವಿಳಾಸವನ್ನು ಜೇಬಿನಲ್ಲಿಟ್ಟುಕೊಂಡವನ ಹಾಗೆ’ ನಡೆಯುತ್ತಿದ್ದ. ಅವಳ ಗಂಡ ವರ್ನನ್ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು, ಮೆಟ್ಟಿಲು ಕಂಡರೆ ನಿಟ್ಟುಸಿರು ಬಿಡುವವನು.

“ಮಿಸ್ಟರ್ ಟಾರ್ಬೆಟ್, ಯಾರ್ರೀ ಇದು?”

“ನಿಮ್ಮೆಜಮಾನ್ರೇ ಮೇಡಂ.”

“ಅವರು ಸಿಗರೇಟು ಬಿಟ್ಟು ಹತ್ತೊಂಬತ್ತು ವರ್ಷ ಆಯ್ತು. ಈ ಊರಿಗೆ ಮಳೆ ಬಂದು ಏಳು ತಿಂಗಳಾಯ್ತು. ಯಾವ ಮಳೇಲಿ ನೆಂದ್ರು ಇವರು?”

ಗಸ್ ಟಾರ್ಬೆಟ್ ಕಿಟಕಿಯಾಚೆ ನೋಡಿದ. ಹಾಲಿವುಡ್ ಬೀದಿಯ ತಾಳೆಮರಗಳು ಲಾಸ್ ಏಂಜಲಿಸ್‌ನ ಬಿಸಿಲಿಗೆ ಅಲುಗದೆ ನಿಂತಿದ್ದವು. ಅವನ ಬೆನ್ನ ಹಿಂದಿನ ಗೋಡೆಯ ಮೇಲೆ ಮೂರು ಹಳೆಯ ಸಿನಿಮಾ ಪೋಸ್ಟರುಗಳು. ಮೂರರಲ್ಲೂ ಒಂದೇ ಟೋಪಿ, ಒಂದೇ ಪಿಸ್ತೂಲು, ಮುಖ ಮಾತ್ರ ಬೇರೆ ಬೇರೆ.

“ಮಳೆ ನಾನು ಸೇರಿಸಿದ್ದು,” ಎಂದ ಮೆಲ್ಲಗೆ. “ಈ ಮೂರು ಸಿನಿಮಾನೂ ಒಂದೇ ಕಾದಂಬರಿಯಿಂದ ತೆಗೆದದ್ದು ಮೇಡಂ. ಪುಸ್ತಕದಲ್ಲಿ ಒಂದು ಹನಿ ಮಳೆ ಇಲ್ಲ. ಮೊದಲನೇ ಸಿನಿಮಾದವರು ಸುರಿಸಿದ್ರು ನೋಡಿ, ಆಮೇಲೆ ಅದು ನಿಲ್ಲಲೇ ಇಲ್ಲ. ಕೊಲೆಗಾರನ ಕಥೇನೂ ಹಂಗೇ. ಪುಸ್ತಕದಲ್ಲಿ ಹೆಂಡ್ತಿ, ಮೊದಲನೇದ್ರಲ್ಲಿ ಮೈದುನ, ಎರಡನೇದ್ರಲ್ಲಿ ವಕೀಲ. ಮೂರನೇದ್ರಲ್ಲಿ ಯಾರು ಅಂತ ಹನ್ನೊಂದು ಸಲ ನೋಡಿದ್ರೂ ನಂಗೆ ಗೊತ್ತಾಗಿಲ್ಲ. ನಂಗೆ ಅದೇ ಎಲ್ಲಕ್ಕಿಂತ ಇಷ್ಟ.”

“ನಾನು ಸಿನಿಮಾ ಕಥೆ ಕೇಳೋಕೆ ಬಂದಿಲ್ಲ.”

ಅವಳು ಬಂದದ್ದು ಒಂದೇ ಮಾತು ತಿಳಿಯಲು. ಪ್ರತಿ ಮಂಗಳವಾರ, ಗುರುವಾರ ಮಧ್ಯಾಹ್ನ ಮೂರಕ್ಕೆ ವರ್ನನ್ ಮೊಳೆ ತರುತ್ತೇನೆಂದು ಹೊರಡುತ್ತಿದ್ದ. ಐದಕ್ಕೆ ಬರಿಗೈಯಲ್ಲಿ ಬರುತ್ತಿದ್ದ. ಹೆಂಗಸೊಬ್ಬಳಿದ್ದರೆ ಅರ್ಲೀನ್ ಈ ಸಂಜೆಯೇ ಟೂಸಾನ್‌ನಲ್ಲಿರುವ ತಂಗಿಯ ಮನೆಗೆ ಹೊರಡುವವಳು. ಇಲ್ಲದಿದ್ದರೆ ಮನೆಗೆ ಹೋಗಿ ಅಡುಗೆಗೆ ಕೈ ಹಾಕುವವಳು. ಮೂವತ್ತೊಂದು ವರ್ಷದ ಸಂಸಾರ ಅಲ್ಲಿಗೆ ಬಂದು ನಿಂತಿತ್ತು. ಆರನೆಯ ಪುಟ ತಿರುಗಿಸಿದರೆ ಹೆಂಗಸು ಕೂತೇ ಇದ್ದಳು: ಹಸಿರು ರೇಷ್ಮೆ, ಮೊಣಕೈವರೆಗೆ ಕೈಗವಸು, ‘ಬೀಗ ಹಾಕದ ಮನೆಯಂಥ ಕಣ್ಣುಗಳು’.

ನಂಬಬೇಕೋ ಬಿಡಬೇಕೋ ಅವಳಿಗೆ ತಿಳಿಯಲಿಲ್ಲ. “ಇದರಲ್ಲಿ ಕಂಡದ್ದೆಷ್ಟು, ಕಟ್ಟಿದ್ದೆಷ್ಟು? ಯಾಕ್ರೀ ಹಿಂಗೆ ಮಾಡಿದ್ರಿ?”

“ಇಪ್ಪತ್ತಾರು ವರ್ಷದಿಂದ ವಿಮೆಯವರಿಗೋಸ್ಕರ ಸೊಂಟ ಉಳುಕಿದೆ ಅಂತ ಸುಳ್ಳು ಹೇಳಿ ದುಡ್ಡು ಕೇಳೋರ ಫೋಟೊ ತೆಗೀತಿದೀನಿ. ಬಾಗಿಲು ತಟ್ಟಿ, ಆ ಕುರ್ಚೀಲಿ ಕೂತು, ನನ್ನ ಗಂಡ ಎಲ್ಲಿಗೆ ಹೋಗ್ತಾನೆ ನೋಡಿ ಅಂದ ಮೊದಲನೇ ಹೆಂಗಸು ನೀವು. ಪತ್ತೇದಾರಿ ಪುಸ್ತಕಗಳೆಲ್ಲ ಶುರುವಾಗೋದೇ ಹಂಗೆ. ಕೈ ತಡೀಲಿಲ್ಲ ಮೇಡಂ.”

ಅವಳು ಕಾಗದಗಳನ್ನು ಅವನ ಮುಂದೆ ಹರಡಿದಳು. “ಪೆನ್ನು ತಗೊಳ್ಳಿ. ನೀವು ಸೇರಿಸಿದ್ದನ್ನೆಲ್ಲ ಹೊಡೆದುಹಾಕಿ. ನನ್ನ ಕಣ್ಣೆದುರಿಗೇ.”

ಗಸ್ ಮಳೆಗೆ ಗೆರೆ ಎಳೆದ. ಸಿಗರೇಟಿಗೆ ಎಳೆದ. ಕೋಟು ಹೋಯಿತು, ಹಿಂದೆ ಬರುತ್ತಿದ್ದ ಕರಿ ಕಾರು ಹೋಯಿತು, ಜೇಬಿನೊಳಗಿನ ಸಾವಿನ ವಿಳಾಸ ಹೋಯಿತು. ಮಂತ್ರ ಇಳಿದು ರಾಜಕುಮಾರ ಮತ್ತೆ ಕಪ್ಪೆಯಾಗುವ ಹಾಗೆ ಆ ಗಂಡಸು ಸಾಲುಸಾಲಿಗೂ ಕುಗ್ಗಿ ವರ್ನನ್ ಆಗತೊಡಗಿದ. ನೋಡುತ್ತ ನೋಡುತ್ತ ಅರ್ಲೀನಳಿಗೆ, ಯಾಕೋ, ಆ ಕೋಟೊಂದನ್ನು ಬಿಟ್ಟಿರಬಹುದಿತ್ತು ಅನ್ನಿಸಿತು. ಪೆನ್ನು ಹಸಿರು ರೇಷ್ಮೆಯ ಹತ್ತಿರ ಬಂದು ನಿಂತಿತು.

“ಇವಳು?”

“ಇವಳು ಎರಡನೇ ಸಿನಿಮಾದವಳು. ಹೆಂಗಸಿಲ್ದೆ ಇಂಥ ಕಥೆ ಓಡಲ್ಲ.” ಗಸ್ ಹಸಿರು ರೇಷ್ಮೆಯನ್ನೂ ಹೊಡೆದುಹಾಕಿದ.

ಅರ್ಲೀನ್ ಕುರ್ಚಿಗೆ ಒರಗಿದಳು. ಎದೆಯ ಮೇಲಿದ್ದ ಕಲ್ಲು ಇಳಿದಂತಾಯಿತು. ಫ್ರಿಜ್ಜಿನಲ್ಲಿ ಕೋಳಿ ಇದೆ, ಆಲೂಗಡ್ಡೆ ತರಬೇಕು ಎಂದೂ ಒಂದು ಕ್ಷಣ ಯೋಚಿಸಿದಳು. “ಹಂಗಾದ್ರೆ ಎರಡು ಗಂಟೆ ಹೊತ್ತು ಹೊರಗೇನು ಮಾಡ್ತಾರೆ?”

ಒಂಬತ್ತು ಪುಟಗಳ ವರದಿಯಲ್ಲಿ ಉಳಿದದ್ದು ಒಂದು ಮುಷ್ಟಿ ಮಾತು. ಗಸ್ ಓದಿದ: “ಎಕೋ ಪಾರ್ಕ್ ಕೆರೆಯ ಪಕ್ಕ ಕಾರು ನಿಲ್ಲಿಸಿದರು. ಸ್ಯಾಂಡ್‌ವಿಚ್ ತಿಂದರು. ರೇಡಿಯೋ ಹಾಕಲಿಲ್ಲ. ಆಮೇಲೆ ನಕ್ಕರು. ಕಣ್ಣು ಒರೆಸಿಕೊಂಡು ಮತ್ತೆ ನಕ್ಕರು.”

“ಯಾರ ಜೊತೆ?”

“ಒಬ್ಬರೇ. ನಾಲ್ಕು ಸಲ ಅವರ ಹಿಂದೆ ಹೋದೆ. ನಾಲ್ಕು ಸಲಾನೂ.”

“ಇದನ್ನೂ ನೀವೇ ಸೇರಿಸಿದ್ದು ಬಿಡಿ.”

“ಇಲ್ಲ ಮೇಡಂ. ಆ ಪುಸ್ತಕಗಳಲ್ಲಿ ಯಾರೂ ಹಂಗೆ ನಗಲ್ಲ. ಸಿನಿಮಾದವರೂ ನಗಿಸಿಲ್ಲ. ನಾನು ಎಲ್ಲಿಂದ ತರಲಿ?”

ವರ್ನನ್ ನಕ್ಕದ್ದು ಯಾವಾಗ ಎಂದು ಅರ್ಲೀನ್ ನೆನಪಿಸಿಕೊಳ್ಳಲು ನೋಡಿದಳು. ಮದುವೆಯ ಫೋಟೊದಲ್ಲೊಂದು ನಗು ಇತ್ತು. ಅದು ಫೋಟೊದವನು ಕೇಳಿ ಪಡೆದದ್ದು. ಹೆಂಗಸೊಬ್ಬಳಿದ್ದಿದ್ದರೆ ಟೂಸಾನ್‌ಗೆ ಹೊರಡಬಹುದಿತ್ತು; ಒಬ್ಬನೇ ಕೂತು ನಗುವ ಗಂಡನನ್ನು ಬಿಟ್ಟು ಹೋಗುವುದು ಯಾವ ಕಾರಣ ಹೇಳಿ? ಅವಳು ಆರನೆಯ ಪುಟವನ್ನು ಹುಡುಕಿ ತೆಗೆದು ಅವನ ಕಡೆಗೆ ತಳ್ಳಿದಳು.

“ಆ ಹೆಂಗಸನ್ನ ವಾಪಸ್ ಹಾಕಿ,” ಎಂದಳು.