ಸೋರೆಬುರುಡೆ

ಹೊಳೆ ಮಗನನ್ನು ಎಳೆದುಕೊಂಡು ಹೋದಮೇಲೆ ಕಾಶವ್ವ ಒಂದು ಕೊಡ ನೀರು ತರಲೂ ದಂಡೆಗೆ ಹೋದವಳಲ್ಲ. ಹೆಣ ಸಿಗಲಿಲ್ಲ. ಹುಡುಕಿ ಹುಡುಕಿ ಸಾಕಾದ ಮಂದಿ ಹುಲ್ಲಿನ ಬೊಂಬೆ ಮಾಡಿ, ಅದಕ್ಕೇ ಅವನ ಅಂಗಿ ತೊಡಿಸಿ ಸುಟ್ಟು, ತಿಥಿಯ ಊಟ ಉಂಡು ಕೈ ತೊಳೆದುಕೊಂಡರು.

ಅಂಥವಳು ಒಂದು ಮುಂಜಾನೆ ಅಂಬಿಗರ ಯಂಕವ್ವನ ಬಾಗಿಲಿಗೆ ಬಂದು, "ಯಕ್ಕಾ, ನನಗ ಈಜು ಕಲಿಸು" ಅಂದಳು. ಸದ್ಯ, ಈ ಜೀವಕ್ಕೆ ಮತ್ತೆ ಬದುಕುವ ಆಸೆ ಹುಟ್ಟಿತಲ್ಲ ಅಂದುಕೊಂಡು ಯಂಕವ್ವ ಅವಳ ನಡುವಿಗೆ ಒಣಗಿದ ಸೋರೆಬುರುಡೆ ಕಟ್ಟಿ ತೋಟದ ಬಾವಿಗೆ ಇಳಿಸಿದಳು. ಮೊದಮೊದಲು ಕಾಶವ್ವ ಮೆಟ್ಟಿಲು ಬಿಡದೆ ಗಡಗಡ ನಡುಗಿದಳು. ನೀರು ಕುಡಿದು ವಾಂತಿ ಮಾಡಿಕೊಂಡಳು. ಆದರೂ ಮರುದಿನ ಬಂದೇ ಬಂದಳು. ಬೇಸಿಗೆ ಮುಗಿಯುವ ಹೊತ್ತಿಗೆ ಬಾವಿಯ ತುಂಬ ಲೀಲಾಜಾಲವಾಗಿ ಸುತ್ತತೊಡಗಿದಳು. "ಗಟ್ಟಿ ಹೆಣ್ಣುಮಗಳು, ದುಃಖ ನುಂಗಿಕೊಂಡಳು" ಎಂದು ಊರೇ ಹೊಗಳಿತು.

ಅವತ್ತು ಯಂಕವ್ವ ತಾನೇ ಬುರುಡೆ ಬಿಚ್ಚಿದಳು.

"ಇನ್ನ ಇದು ಬ್ಯಾಡ ನಿನಗ. ತುಂಬಿದ ಹೊಳ್ಯಾಗ ಬಿದ್ರೂ ನೀ ಮುಳುಗಂಗಿಲ್ಲ, ತಂಗಿ. ನಾ ಕಲಿಸೋದು ಮುಗೀತು."

ಕಾಶವ್ವನ ಮುಖದಲ್ಲಿ ನಗು ಮೂಡಲಿಲ್ಲ. ಒದ್ದೆ ಕೈಯಲ್ಲಿ ಯಂಕವ್ವನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ತೇಲೋದು ಬಂತು, ಯಕ್ಕಾ. ಇನ್ನ ತಳದಾಗ ಕಣ್ಣು ಬಿಟ್ಟು ಹುಡುಕೋದು ಕಲಿಸು."