ಒಂಬತ್ತು ಬೆರಳು

“ನೋವು ಹತ್ತರಲ್ಲಿ ಎಷ್ಟು?” ಎಂದು ಡಾಕ್ಟರು ಕೇಳಿದಾಗ ಕಮಲೇಶ್ ನಗುತ್ತ ಎರಡು ಬೆರಳು ಎತ್ತಿದ. ಹೊಟ್ಟೆಯ ಆಪರೇಷನ್ ಆದಂದಿನಿಂದ ಅವನದು ಅದೇ ಉತ್ತರ.

“ಅದು ಸುಳ್ಳು ಡಾಕ್ಟ್ರೇ,” ಎಂದಳು ಹೆಂಡತಿ ಅಕ್ಷಿತಾ. “ಇವರು ಬೋಟಿನವರು. ಒಬ್ಬನಿಗೆ ನೋವು ಅಂದ್ರೆ ಇಡೀ ಬೋಟು ಮೀನು ಬಿಟ್ಟು ದಡಕ್ಕೆ, ದಕ್ಕೆಗೆ ತಿರುಗಬೇಕು. ಅದಕ್ಕೆ ಯಾರೂ ಹೇಳುವುದಿಲ್ಲ. ಬಲೆಯ ಹಗ್ಗಕ್ಕೆ ಸಿಕ್ಕಿ ಬೆರಳು ಹೋದಾಗಲೂ ಇವರು ‘ಎಂತ ಇಲ್ಲ’ ಅಂದದ್ದು. ಹೊಟ್ಟೆ ಮುಟ್ಟಿ ನೋಡಿ, ಕಲ್ಲಿನ ಹಾಗೆ ಉಂಟು.”

“ಎಂತ ಮಾರಾಯ್ರೆ, ನೋವು ನಿಮಗಾ ಅವರಿಗಾ?” ಡಾಕ್ಟರು ನಕ್ಕರು.

ಕಮಲೇಶ್ ಅವಳ ಶಾಲು ಎಳೆದ. “ಸುಮ್ಮನಿರು ಮಾರಾಯ್ತಿ. ಅವರಿಗೆ ಬೇರೆಯವರನ್ನು ನೋಡ್ಲಿಕ್ಕುಂಟು.”

ಡಾಕ್ಟರು ವಾರ್ಡಿನಿಂದ ಹೊರಟುಹೋದ ಮೇಲೆ ಅವನ ನಗು ಇಳಿಯಿತು. ಹೊದಿಕೆಯ ಮೇಲೆ ಒಂದು ಕೈಯ ಬೆರಳುಗಳನ್ನು ಬಿಚ್ಚಿದ. ಆಮೇಲೆ ಇನ್ನೊಂದು ಕೈಯ ಬೆರಳುಗಳನ್ನೂ. ಅಕ್ಷಿತಾ ನರ್ಸಿನ ಬಳಿಗೆ ಓಡಿದಳು.

“ಹತ್ತು ಅಂತಿದ್ದಾರೆ! ಡಾಕ್ಟರನ್ನು ಕರೀರಿ.”

“ಈಗಷ್ಟೇ ಎರಡು ಅಂದ್ರಲ್ಲ ಅಕ್ಕ? ನಾಳೆ ರೌಂಡ್ಸಿಗೆ ಬರುವಾಗ ಹೇಳಿ.”

ಅವಳು ತಿರುಗಿ ನೋಡಿದಳು. ಕಮಲೇಶ್ ತನಗೆ ಉಳಿದಿದ್ದ ಒಂಬತ್ತೂ ಬೆರಳುಗಳನ್ನು ಬಿಚ್ಚಿ ಹಿಡಿದು, ಡಾಕ್ಟರು ಹೋದ ಬಾಗಿಲನ್ನೇ ನೋಡುತ್ತಿದ್ದ.